ಕತ್ತಲ ಕೋಣೆಯ ಪ್ರಮಾಣ, ಅಂಕೋಲೆಯ ಉಪ್ಪು

ಕಾರವಾರಕ್ಕೆ ಹೋದವರೆಲ್ಲ ಟ್ಯಾಗೋರ್ ಕಡಲತೀರಕ್ಕೆ ಹೋಗಿಯೇ ಹೋಗುತ್ತಾರೆ. ಆ ಹೆಸರು ಯಾಕೆ ಬಂತು ಅನ್ನುವುದೂ ಸುಮಾರು ಜನಕ್ಕೆ ಗೊತ್ತು. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಐಸಿಎಸ್ ಅಂದರೆ ಬ್ರಿಟಿಷ್ ಸರಕಾರದ ಉನ್ನತ ಅಧಿಕಾರಿಗಳ ಪರೀಕ್ಷೆ ಪಾಸಾದ ಮೊದಲ ಭಾರತೀಯ ಅವರು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಸತ್ಯೇಂದ್ರನಾಥರ ನೌಕರಿಯೂ ಆ ಪ್ರಾಂತ್ಯದಲ್ಲೇ. 1883ರಲ್ಲಿ 22 ವರ್ಷದ ರವೀಂದ್ರರು ಅಣ್ಣನ ಮನೆಗೆ ಬಂದು ಉಳಿದರು.

ನನ್ನನ್ನು ಈ ಊರಿಗೆ ಎಳೆದು ತಂದದ್ದು ಅವರ ಬದುಕಿನ ಇನ್ನೊಂದು ತುಂಡು. ಕಾರವಾರಕ್ಕೆ ಬರುವ ಕೆಲವು ವರ್ಷಗಳ ಮೊದಲು, ಇನ್ನೂ ಹದಿಹರೆಯದಲ್ಲಿ, ರವೀಂದ್ರರು ಕಲ್ಕತ್ತೆಯ ಒಂದು ಗುಪ್ತಸಂಘದ ಸದಸ್ಯರಾಗಿದ್ದರು. ಅದನ್ನು ಕಟ್ಟಿದವರು ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರು. ಹಿರಿಯರಾದ ರಾಜನಾರಾಯಣ ಬಸು ಅಧ್ಯಕ್ಷರು. ಹೆಸರು ಸಂಜೀವನಿ ಸಭಾ. ಆದರೆ ಹಾಗೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅವರ ಗುಪ್ತಭಾಷೆಯಲ್ಲಿ ಅದು ‘ಹಮ್ಚುಪಾಮುಹಾಫ್’.

ಯಾವುದೋ ಓಣಿಯ ಒಂದು ಹಳೇ ಮುರುಕು ಮನೆ. ಬಾಗಿಲು ಹಾಕಿದ ಕತ್ತಲೆ ಕೋಣೆ, ಪಿಸುಮಾತು. ಮೇಜಿನ ಮೇಲೆ ಮನುಷ್ಯರ ತಲೆಬುರುಡೆ, ಅದರ ಕಣ್ಣಿನ ಗುಳಿಗಳಲ್ಲಿ ಮೇಣದಬತ್ತಿ. ಬುರುಡೆ ಅಂದರೆ ಸತ್ತು ಬಿದ್ದಿರುವ ಭಾರತ. ಬತ್ತಿ ಹಚ್ಚಿದರೆ ಅದಕ್ಕೆ ಜೀವ ಬಂದ ಹಾಗೆ. ಪಕ್ಕದಲ್ಲಿ ಕೆಂಪು ರೇಷ್ಮೆಯಲ್ಲಿ ಸುತ್ತಿದ ಋಗ್ವೇದ, ಒರೆಯಿಂದ ತೆಗೆದ ಕತ್ತಿ. ಇಷ್ಟರ ಮುಂದೆ ನಿಂತು ದೇಶಕ್ಕಾಗಿ ಪ್ರಮಾಣ ಮಾಡಬೇಕು. ಒಳಗೆ ನಡೆದದ್ದನ್ನು ಹೊರಗೆ ಹೇಳಬಾರದು.

ಈ ಆಲೋಚನೆ ಬಂದದ್ದು ಇಟಲಿಯಿಂದ. ಅಲ್ಲಿ 19ನೇ ಶತಮಾನದ ಮೊದಲ ಭಾಗದಲ್ಲಿ ಕಾರ್ಬೊನಾರಿ ಅಂತ ಒಂದು ಗುಪ್ತಸಂಘ ಇತ್ತು. ಇದ್ದಿಲು ಸುಡುವವರ ಮಾತು, ಅವರ ಗುಡಿಸಲು, ಅವರ ಆಚಾರಗಳನ್ನೆಲ್ಲ ಎರವಲು ತಂದು ತಮ್ಮ ವಿಧಿಗಳನ್ನು ಕಟ್ಟಿಕೊಂಡಿದ್ದರು. 1820ರಲ್ಲಿ ನೇಪಲ್ಸಿನ ಅರಸನಿಂದ ಸಂವಿಧಾನ ಕೊಡಿಸಿದ ದಂಗೆಯ ಹಿಂದೆ ಅವರಿದ್ದರು. ಇಟಲಿಯನ್ನು ಒಂದು ದೇಶ ಮಾಡಲು ಹೋರಾಡಿದ ಮಾಟ್ಸೀನಿ ಕೂಡ ಮೊದಲು ಅದರಲ್ಲೇ ಇದ್ದು, 1831ರಲ್ಲಿ ತನ್ನದೇ ‘ಯಂಗ್ ಇಟಲಿ’ ಕಟ್ಟಿದ. ಬಂಗಾಳದ ಓದಿದ ಹುಡುಗರಿಗೆ ಆಗ ಮಾಟ್ಸೀನಿ ಅಂದರೆ ದೇವರಿದ್ದ ಹಾಗೆ.

ಸಂಜೀವನಿ ಸಭಾ ಏನು ಮಾಡಿತು? ಬೆಂಕಿಕಡ್ಡಿ ಮಾಡಲು ಹೊರಟಿತು. ರವೀಂದ್ರರೇ ಮುಂದೆ ಬರೆದಿದ್ದಾರೆ: ಒಂದು ಪೆಟ್ಟಿಗೆಗೆ ಬಿದ್ದ ಖರ್ಚಿನಲ್ಲಿ ಅಕ್ಕಪಕ್ಕದವರ ಒಲೆ ವರ್ಷವಿಡೀ ಉರಿಯಬಹುದಿತ್ತು. ಹತ್ತಿರದಲ್ಲಿ ಬೇರೆ ಬೆಂಕಿ ಇಲ್ಲದಿದ್ದರೆ ಕಡ್ಡಿ ಹತ್ತುತ್ತಲೂ ಇರಲಿಲ್ಲ. ಆಮೇಲೆ ಒಂದು ಮಗ್ಗ ಹಾಕಿದರು. ಅದರಿಂದ ಒಂದು ಟವೆಲ್ ಬಂತು. ಸರಕಾರ ಹೆದರುವಂಥ ಯಾವುದೂ ಅಲ್ಲಿ ನಡೆಯಲಿಲ್ಲ ಅಂತಲೂ ಅವರು ಹೇಳಿದ್ದಾರೆ.

ಆ ಹುಡುಗರನ್ನು ಹಗುರವಾಗಿ ನೋಡಲು ನನಗೆ ಮನಸ್ಸು ಬರುವುದಿಲ್ಲ. ಪರದೇಶದ ಸರಕಾರದ ಕೆಳಗೆ ಅವರಿಗೆ ಓಟಿಲ್ಲ, ಶಾಸನಸಭೆಯಲ್ಲಿ ಜಾಗವಿಲ್ಲ. ಅಧಿಕಾರ ಕೈಗೆ ಸಿಗದ ಕಡೆ ಬುರುಡೆ, ಕತ್ತಿ, ಗುಟ್ಟಿನ ಹೆಸರು ಇವೇ ಅಧಿಕಾರದ ರುಚಿ ಕೊಡುತ್ತವೆ. ಮುಂದೆ 1902ರಲ್ಲಿ ಬಂಗಾಳದಲ್ಲಿ ಹುಟ್ಟಿದ ಕ್ರಾಂತಿಕಾರಿ ಸಂಘ ಅನುಶೀಲನ ಸಮಿತಿಯಲ್ಲಿ ಕಾಳಿಯ ಮುಂದೆ, ಗೀತೆ ಮತ್ತು ಕತ್ತಿ ಹಿಡಿದು ಇಂಥದೇ ಪ್ರಮಾಣ ನಡೆಯಿತು. ಅಷ್ಟರಲ್ಲಿ ಆಟ ಮುಗಿದಿತ್ತು. ಹುಡುಗರು ಗಲ್ಲಿಗೆ ಹೋದರು, ಅಂಡಮಾನಿಗೆ ಹೋದರು.

ಕಾಳಿ ನದಿಯ ಸೇತುವೆ ದಾಟಿ ಸದಾಶಿವಗಡದ ಕೋಟೆಗುಡ್ಡ ಹತ್ತಿದೆ. ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ರಾತ್ರೋರಾತ್ರಿ ಕುಸಿದು ಬಿದ್ದಿತ್ತು. ಈಗ ವಾಹನವೆಲ್ಲ ಪಕ್ಕದ ಹೊಸ ಸೇತುವೆಯ ಮೇಲೆ. ಗುಡ್ಡದ ಬುಡದಲ್ಲಿ ದರ್ಗಾ ಇದೆ, ಮೇಲೆ ದುರ್ಗೆಯ ಗುಡಿ ಇದೆ. ನದಿ ಸಮುದ್ರ ಸೇರುವುದು ಇಲ್ಲಿಂದ ಪೂರ್ತಿ ಕಾಣುತ್ತದೆ. ಒಂದು ರಾತ್ರಿ ಬೆಳದಿಂಗಳಲ್ಲಿ ರವೀಂದ್ರರು ದೋಣಿಯಲ್ಲಿ ಈ ನದಿಯ ಮೇಲೆ ಹೋಗಿ, ಕೋಟೆ ನೋಡಿ, ಮರಳಿನ ಮೇಲೆ ನಡೆದು ಮನೆಗೆ ಮರಳಿದ್ದರು. ಕಾರವಾರದಲ್ಲೇ ಅವರೊಂದು ನಾಟಕ ಬರೆದರು. ಅದರಲ್ಲಿ ಒಬ್ಬ ಸನ್ಯಾಸಿ ಎಲ್ಲ ನಂಟು ಕಡಿದುಕೊಂಡು ಪ್ರಕೃತಿಯನ್ನೇ ಗೆಲ್ಲಲು ಹೊರಡುತ್ತಾನೆ. ಒಬ್ಬಳು ಪುಟ್ಟ ಹುಡುಗಿ ಅವನನ್ನು ಮತ್ತೆ ಜನರ ನಡುವೆ ಕರೆತರುತ್ತಾಳೆ. ಕತ್ತಲೆ ಕೋಣೆಯಿಂದ ಬಂದ ಹುಡುಗ ಈ ಬಯಲು ಕಡಲಿನ ಮುಂದೆ ಕೂತು ಈ ಕಥೆ ಬರೆದದ್ದು ನನಗೆ ತುಂಬ ಮುಖ್ಯ ಅನಿಸುತ್ತದೆ.

ಕಾರವಾರದಿಂದ ದಕ್ಷಿಣಕ್ಕೆ ಹೊರಟರೆ ಹೆದ್ದಾರಿಯ ಪಕ್ಕದಲ್ಲೇ ಸೀಬರ್ಡ್ ನೌಕಾನೆಲೆಯ ಗೋಡೆ. ಬೇಲಿ, ಗೇಟು, ಫೋಟೋ ತೆಗೆಯಬಾರದು ಅನ್ನುವ ಬೋರ್ಡು. ಇದೂ ಗುಟ್ಟಿನ ಜಾಗವೇ. ಆದರೆ ಗುಟ್ಟು ಇದೆ ಅಂತ ಬೋರ್ಡು ಹಾಕಿದ್ದಾರೆ, ಅದರ ಹಿಂದೆ ಕಾನೂನು ಇದೆ. ಜಾಗ ಬಿಟ್ಟುಕೊಟ್ಟ ಮೀನುಗಾರರು, ರೈತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದರು, ಬೀದಿಯಲ್ಲಿ ಕೂತು ಕೇಳಿದರು. ಕೇಳಲು ಒಂದು ಬಾಗಿಲಾದರೂ ಇತ್ತು.

ಅಂಕೋಲೆಯಲ್ಲಿ ಇಳಿದೆ. ಗುಜರಾತಿನ ಬಾರ್ಡೋಲಿಯ ರೈತರು ತೆರಿಗೆ ಕೊಡದೆ ಹೋರಾಡಿದ್ದರಲ್ಲ, ಹಾಗೆ ಈ ಊರನ್ನು ಕರ್ನಾಟಕದ ಬಾರ್ಡೋಲಿ ಅನ್ನುತ್ತಾರೆ. 1930ರ ಏಪ್ರಿಲ್ 13ರಂದು ಇಲ್ಲಿ ಎಂ.ಪಿ. ನಾಡಕರ್ಣಿಯವರು ಸಾವಿರಾರು ಜನರ ಎದುರು ಉಪ್ಪಿನ ಕಾನೂನು ಮುರಿದರು. ಯೋಚಿಸಿ ನೋಡಿ, ಇಲ್ಲಿ ಪಿಸುಮಾತಿಲ್ಲ, ಗುಪ್ತಭಾಷೆ ಇಲ್ಲ. ಯಾವ ದಿನ, ಎಲ್ಲಿ, ಯಾರು ಅಂತ ಮೊದಲೇ ಸಾರಿ ಮಾಡಿದ ಕೆಲಸ. ಪೊಲೀಸರಿಗೂ ಗೊತ್ತು. ಸಮುದ್ರದ ನೀರು ಎಲ್ಲರಿಗೂ ಕಾಣುವಂಥದ್ದು, ಉಪ್ಪು ಎಲ್ಲರ ಮನೆಯಲ್ಲೂ ಇರುವಂಥದ್ದು. ಆಮೇಲೆ ಕರಬಂದಿ ಚಳವಳಿ ಬಂತು. ಅಂಕೋಲೆ, ಸಿದ್ದಾಪುರ, ಸಿರ್ಸಿ ಸೀಮೆಯ ರೈತರು ತೆರಿಗೆ ಕೊಡಲಿಲ್ಲ. ಜಮೀನು ಹರಾಜಾಯಿತು, ಮನೆಯ ಪಾತ್ರೆ ಪಗಡೆ ಜಪ್ತಿ ಆಯಿತು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಮನೆ ಬಿಟ್ಟು ಹೋದರು. ಅಕ್ಷರ ಬಾರದ ರೈತನೂ ಈ ಹೋರಾಟದಲ್ಲಿ ಪೂರ್ತಿ ಪಾಲುದಾರ. ಕಲ್ಕತ್ತೆಯ ಕೋಣೆಯೊಳಗೆ ಅವನು ಬರಲು ಸಾಧ್ಯವಿತ್ತಾ? ಇರಲಿಲ್ಲ. ಗುಪ್ತಸಂಘ ಎಷ್ಟೇ ಒಳ್ಳೆಯ ಉದ್ದೇಶದ್ದಾಗಿರಲಿ, ಅದು ಜನರನ್ನು ಒಳಗಿನವರು, ಹೊರಗಿನವರು ಅಂತ ಎರಡು ಮಾಡಿಯೇ ಶುರುವಾಗುತ್ತದೆ. ಈ ಒಂದು ಮಾತು ಅಂಕೋಲೆಯಲ್ಲಿ ನನಗೆ ಗಟ್ಟಿಯಾಯಿತು.

ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರ ನೋಡಿಕೊಂಡು ಕುಮಟೆಗೆ ಬಂದೆ. ದೇವಿಮನೆ ಘಟ್ಟ ಹತ್ತುವಾಗ ಮಳೆ ಹೊಯ್ಯುತ್ತಿತ್ತು. ಸಿರ್ಸಿ ಮುಟ್ಟುವಾಗ ಕತ್ತಲಾಗಿತ್ತು.

ಸಿರ್ಸಿ ಹತ್ತಿರದ ಒಂದು ಹಳ್ಳಿಯಲ್ಲಿ ಗೆಳೆಯನ ಮಾವನ ಮನೆ. ನಾನೂ ಅವರನ್ನು ಮಾವ ಅಂತಲೇ ಕರೆಯುವುದು. “ಮೊದಲು ಆಸರಿಗೆ ಕುಡೀರಿ, ಆಮೇಲೆ ಮಾತು” ಅಂತ ಬಿಸಿ ಕಷಾಯ ಕೊಟ್ಟರು. ಬೆಳಿಗ್ಗೆ ತೆಳ್ಳೇವು, ಜೋನಿಬೆಲ್ಲ. ತಿನ್ನುತ್ತಾ ನಾನು ಕಾರವಾರದ ಕಥೆ ಹೇಳಿದೆ. ಪಿಯುಸಿ ಓದುವ ಅವರ ಮೊಮ್ಮಗ ಮೊಬೈಲು ಬದಿಗಿಟ್ಟು ಕೇಳಿದ: “ಅಣ್ಣ, ಇಡೀ ಜಗತ್ತನ್ನು ಇಲ್ಯುಮಿನಾಟಿ ನಡೆಸ್ತದೆ ಅಂತಾರಲ್ಲ, ಖರೆ ಹೌದಾ?”

ಒಳ್ಳೆಯ ಪ್ರಶ್ನೆ. ಹುಡುಗರು ಇದನ್ನು ಕೇಳಬೇಕು, ದೊಡ್ಡವರು ಉತ್ತರ ಕೊಡಬೇಕು. ನನಗೆ ಗೊತ್ತಿದ್ದದ್ದನ್ನು ಹೇಳಿದೆ. 1776ರ ಮೇ 1ರಂದು ಜರ್ಮನಿಯ ಬವೇರಿಯಾದಲ್ಲಿ ಆಡಮ್ ವೈಸ್‌ಹಾಪ್ಟ್ ಅನ್ನುವ ಕಾನೂನು ಪ್ರಾಧ್ಯಾಪಕ ಆ ಸಂಘ ಕಟ್ಟಿದ. ಪಾದ್ರಿಗಳ ಹಿಡಿತ ತಪ್ಪಿಸಬೇಕು ಅನ್ನುವುದು ಆಸೆ. ಒಬ್ಬೊಬ್ಬರಿಗೂ ಗುಪ್ತನಾಮ, ಅವನದು ಸ್ಪಾರ್ಟಕಸ್. ಹತ್ತು ವರ್ಷ ತುಂಬುವ ಮೊದಲೇ ಅಲ್ಲಿಯ ಅರಸ ಅದನ್ನು ನಿಷೇಧಿಸಿದ. ಸಿಕ್ಕಿದ ಕಾಗದಪತ್ರಗಳನ್ನು ಸರಕಾರವೇ 1787ರಲ್ಲಿ ಅಚ್ಚು ಹಾಕಿಸಿತು. ಸಂಘ ಸತ್ತಿತು, ಅದರ ಭಯ ಮಾತ್ರ ಬದುಕಿತು. ಫ್ರಾನ್ಸಿನ ಕ್ರಾಂತಿ ಅವರದೇ ಪಿತೂರಿ ಅಂತ ಕೆಲವರು ಬರೆದರು. ಹಸಿವು, ತೆರಿಗೆ, ದಿವಾಳಿಯೆದ್ದ ಖಜಾನೆ ಎಲ್ಲ ಬದಿಗೆ ಹೋಯಿತು.

“ಹಾಗಾದ್ರೆ ಎಲ್ಲ ಸುಳ್ಳು” ಅಂದ ಹುಡುಗ.

ಅದೂ ಅಲ್ಲ. 1981ರ ಮಾರ್ಚಿನಲ್ಲಿ ಇಟಲಿಯ ಪೊಲೀಸರು ಲೀಚೊ ಜೆಲ್ಲಿ ಅನ್ನುವವನ ಜಾಗಗಳನ್ನು ಶೋಧಿಸಿದಾಗ ಒಂದು ಪಟ್ಟಿ ಸಿಕ್ಕಿತು. ‘ಪಿ2’ ಅನ್ನುವ ಗುಪ್ತ ಮೇಸನ್ ಸಂಘದ 962 ಹೆಸರು. ಮೇಸನ್ ಅಂದರೆ ತಮ್ಮ ವಿಧಿಗಳನ್ನು ಗುಟ್ಟಾಗಿಡುವ ಒಂದು ಹಳೆಯ ಸೋದರಕೂಟ. ಅದರಲ್ಲಿ ಮಂತ್ರಿಗಳು, ಸಂಸದರು, ಸೇನಾಧಿಕಾರಿಗಳು, ಬೇಹುಗಾರಿಕೆಯ ಮುಖ್ಯಸ್ಥರು, ಪತ್ರಕರ್ತರು. ಆ ಮೇ ತಿಂಗಳಲ್ಲಿ ಸರಕಾರವೇ ಉರುಳಿತು. ಗುಪ್ತಸಂಘ ಕಟ್ಟಬಾರದು ಅಂತ ಆ ದೇಶದ ಸಂವಿಧಾನದಲ್ಲೇ ಬರೆದಿದೆ. ಆದರೂ ಕಾನೂನು ಮಾಡುವವರೇ ಅದರಲ್ಲಿದ್ದರು. ಕಾರ್ಬೊನಾರಿ ಅರಸನಿಗೆ ಹೆದರಿ ಅಡಗಿದ್ದರು. ಪಿ2ದವರು ಅಡಗಿದ್ದು ಓಟು ಕೊಟ್ಟ ಜನರಿಂದ. ನನಗೆ ಹೆದರಿಕೆ ಆಗುವುದು ಈ ಎರಡನೆಯ ಅಡಗುವಿಕೆಯ ಬಗ್ಗೆ.

ಮಾವ ಅಷ್ಟು ಹೊತ್ತು ಅಡಿಕೆ ಸುಲಿಯುತ್ತಾ ಕೇಳುತ್ತಿದ್ದರು. “ನಮ್ಮ ಸೊಸೈಟಿಯಲ್ಲೂ ವರ್ಷಕ್ಕೊಮ್ಮೆ ಸಭೆಯಲ್ಲಿ ಲೆಕ್ಕ ಓದ್ತಾರೆ ತಮಾ. ಓದದಿದ್ರೆ ನಾವು ಎದ್ದು ನಿಂತು ಕೇಳ್ತೇವೆ. ಕೇಳೋದು ಬಿಟ್ಟ ದಿನ ಯಾವ ಇಲ್ಯುಮಿನಾಟಿಯೂ ಬೇಡ, ಊರಿನ ನಾಲ್ಕು ಜನ ಸಾಕು.”

ಆ ಹುಡುಗನನ್ನೂ ಕರೆದುಕೊಂಡು ಸೋಂದೆಗೆ ಹೊರಟೆವು. ದಾರಿಯಲ್ಲಿ ಶಾಲ್ಮಲೆಯ ಸಹಸ್ರಲಿಂಗ. ನೀರು ಜಾಸ್ತಿ ಇದ್ದದ್ದರಿಂದ ಲಿಂಗಗಳು ಹೆಚ್ಚು ಕಾಣಲಿಲ್ಲ. ಇವನ್ನು ಕೆತ್ತಿಸಿದವನು ಸೋಂದೆಯ ಅರಸ ಸದಾಶಿವರಾಯ ಅನ್ನುತ್ತಾರೆ. ಕಾರವಾರದ ಗಡಕ್ಕೆ ಇರುವುದೂ ಅವನದೇ ಹೆಸರು.

ಸೋಂದೆ ಒಂದು ವಿಶೇಷವಾದ ಊರು. ಸ್ವರ್ಣವಲ್ಲಿಯ ಅದ್ವೈತ ಮಠ, ವಾದಿರಾಜರ ದ್ವೈತ ಮಠ, ಸ್ವಾದಿಯ ಜೈನ ಮಠ ಮೂರೂ ಇಲ್ಲೇ. ಅರಸರು ಮೂರಕ್ಕೂ ಆಸರೆಯಾಗಿದ್ದರು. ವಾದಿರಾಜರನ್ನು ಗೌರವದಿಂದ ನಡೆಸಿಕೊಂಡವನು ಅರಸಪ್ಪ ನಾಯಕ. ಗುರು ಅರಸನ ಬೆನ್ನಿಗೆ, ಅರಸ ಗುರುವಿನ ಬೆನ್ನಿಗೆ. ಇದರಲ್ಲಿ ಲಾಭದ ಲೆಕ್ಕ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಈ ನಂಟು ಗುಡಿಯಲ್ಲಿ, ಕೆರೆಯಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಉಳಿದಿದೆ.

ವಾದಿರಾಜ ಮಠದಲ್ಲಿ ಭೂತರಾಜರ ಗುಡಿಯ ಮುಂದೆ ಬಹಳ ಹೊತ್ತು ನಿಂತೆವು. ಇಲ್ಲಿಯ ಭಕ್ತರು ಹೇಳುವ ಕಥೆ ಹೀಗಿದೆ. ಒಬ್ಬ ಬ್ರಹ್ಮರಾಕ್ಷಸ ದಾರಿಹೋಕರನ್ನು ತಡೆದು “ಆಕಾಮಾವೈ ಕೋ ನ ಸ್ನಾತಃ” ಅಂತ ಕೇಳುತ್ತಿದ್ದ. ಆಷಾಢ, ಕಾರ್ತಿಕ, ಮಾಘ, ವೈಶಾಖ ಈ ತಿಂಗಳುಗಳಲ್ಲಿ ಸ್ನಾನ ಮಾಡದವನು ಯಾರು ಅನ್ನುವ ಒಗಟು. ಉತ್ತರ ಬಾರದವರು ಅವನ ಕೈಗೆ ಸಿಕ್ಕಿಬೀಳುತ್ತಿದ್ದರು. ವಾದಿರಾಜರು ಉತ್ತರ ಹೇಳಿದರು. ಅಂದಿನಿಂದ ಅವನು ಅವರ ಸೇವಕ. ತ್ರಿವಿಕ್ರಮ ದೇವರನ್ನು ಬದರಿಯಿಂದ ಹೊತ್ತು ತಂದವನೂ ಅವನೇ. ಈಗ ಅವನಿಗೆ ಗುಡಿ ಇದೆ, ಪೂಜೆ ಇದೆ, ಹರಕೆಯ ತೆಂಗಿನಕಾಯಿ ಬರುತ್ತದೆ. ಕತ್ತಲಲ್ಲಿ ಅಡ್ಡಗಟ್ಟುತ್ತಿದ್ದ ಶಕ್ತಿಗೆ ನಮ್ಮ ಜನ ಒಂದು ಹೆಸರು, ಒಂದು ಕೆಲಸ, ಒಂದು ಜಾಗ ಕೊಟ್ಟು ಹಗಲಿಗೆ ತಂದು ನಿಲ್ಲಿಸಿದ್ದಾರೆ. ನಾನು ಅಲ್ಲಿ ಭಕ್ತಿಯಿಂದಲೇ ಕೈ ಮುಗಿದೆ.

ಕೋಟೆಯಲ್ಲಿ ಏಕಶಿಲೆಯ ಒಂದು ಮಂಚ, ಒಂದೆರಡು ಫಿರಂಗಿ ಉಳಿದಿವೆ. 1760ರ ದಶಕದಲ್ಲಿ ಹೈದರಾಲಿಯ ಸೈನ್ಯ ಬಂದಾಗ ಕೊನೆಯ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಅರಮನೆ ಹೋಯಿತು. ಮೂರು ಮಠಗಳೂ ಇವೆ.

ಕೊನೆಗೆ ಸ್ವರ್ಣವಲ್ಲಿಗೆ ಹೋದೆವು. ಬೇಡ್ತಿ ನದಿಯ ನೀರು ತಿರುಗಿಸುವ ಯೋಜನೆ ಬೇಡ ಅಂತ ಸರಕಾರಕ್ಕೆ ಎದುರಾಗಿ ಜನರನ್ನು ಸೇರಿಸಿದವರಲ್ಲಿ ಇಲ್ಲಿಯ ಸ್ವಾಮೀಜಿಯವರು ಮುಂದಿದ್ದಾರೆ. 1983ರಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಾಡು ಉಳಿಸಲು ನಿಂತದ್ದೂ ಇದೇ ತಾಲೂಕಿನಲ್ಲಿ. ಮಠ ರಾಜಕಾರಣಕ್ಕೆ ಬರಬೇಕಾ ಅಂತ ಕೆಲವರು ಕೇಳುತ್ತಾರೆ. ಮೈಕು ಹಿಡಿದು, ಊರ ಮುಂದೆ, ವಿರೋಧಿಸುವವರಿಗೂ ಕೇಳುವ ಹಾಗೆ ಮಾತಾಡುವುದಾದರೆ ಬರಲಿ ಅನ್ನುವುದು ನನ್ನ ಮಾತು. ಹುಡುಗನಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ವೇದಿಕೆ ಮೇಲೆ ಹೇಳದೇ ಇದ್ದದ್ದನ್ನು ಒಳಗೆ ಕೂತು ಮಂತ್ರಿಗಳ ಹತ್ತಿರ ಹೇಳಿದರೆ ನಮಗೆ ಗೊತ್ತಾಗುವುದು ಹೇಗೆ ಅಂತ ಕೇಳಿದ. ಬಸ್ಸಿನಲ್ಲಿ ಸಿರ್ಸಿಯವರೆಗೂ ನಾವಿಬ್ಬರೂ ಅದನ್ನೇ ವಾದಿಸುತ್ತಾ ಬಂದೆವು.