ಕಾಪು ಬಂಡೆಯ ಹೊಂಡ: ಐದನೇ ಸಲ

ಸಮುದ್ರ ಇಳಿದಾಗ ಬಂಡೆಗಳ ನಡುವೆ ನೀರು ನಿಂತು ಹೊಂಡಗಳಾಗುತ್ತವೆ. ಅವುಗಳೊಳಗಿನ ಜೀವಿಗಳನ್ನು ನೋಡುವುದು ನನ್ನ ಹುಚ್ಚು. ಈ ಸಲ ಒಂದೇ ಹೊಂಡ ಅಂತ ಹಟ ಹಿಡಿದು ಹೋದೆ. ಹಿಂದಿನ ನಾಲ್ಕು ಸಲವೂ ಕಾಪು ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆಲ್ಲ ಓಡಾಡಿ ರಾಶಿ ಫೋಟೋ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಅರ್ಧದಲ್ಲಿ ನನ್ನದೇ ನೆರಳು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಳಿತ ಜಾಸ್ತಿ. ಅದೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅದನ್ನು ಮರೆತು, ಹಿಂದಿನ ದಿನದ ಗಂಟೆಗೇ ಬಂದು ಸುಮ್ನೆ ಕಾದು ಕೂತಿದ್ದೂ ಇದೆ.

ನನ್ನ ಹೊಂಡ ಹಂಡೆಯಷ್ಟು ಅಗಲ, ಮೊಣಕಾಲುದ್ದವೂ ಇಲ್ಲ. ಬೆಳಿಗ್ಗೆ ಆರೂವರೆಗೆ ನೀರು 27 ಡಿಗ್ರಿ. ಬಿಸಿಲು ಬಿದ್ದ ಮೇಲೆ ಎಂಟೂವರೆಗೆ 30. ಹೊರಗಿನ ಸಮುದ್ರ ಮಾತ್ರ 28ರಿಂದ ಕದಲಲಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ದಿನಾ ಈ ಬಿಸಿ ತಡೆದುಕೊಂಡು ಬದುಕಬೇಕು ಅಲ್ವಾ!

ಮೊದಲ ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಬರೀ ಶಂಖ ಅಂದುಕೊಂಡಿದ್ದು ಎದ್ದು ನಡೆಯತೊಡಗಿತು. ಸನ್ಯಾಸಿ ಏಡಿ, ಖಾಲಿ ಶಂಖವನ್ನೇ ಮನೆ ಮಾಡಿಕೊಳ್ಳುವಂಥದ್ದು. ಪಕ್ಕದಲ್ಲೊಂದು ಖಾಲಿ ಶಂಖ ಬಿದ್ದಿತ್ತು. ಅದರ ಬಾಯೊಳಗೆ ಕೊಂಡಿ ತೂರಿಸಿ ತಡಕಿತು. ಹೊರಳಿಸಿತು, ಮತ್ತೆ ತಡಕಿತು. ಬಾಡಿಗೆ ಮನೆ ನೋಡುವವರು ನಲ್ಲಿ ತಿರುಗಿಸಿ ನೋಡುವ ಹಾಗೆ. ಕೊನೆಗೆ ಸರ್ರನೆ ಹಳೆಯದರಿಂದ ಹೊರಬಂದು ಹೊಸದಕ್ಕೆ ಹಿಂಬದಿ ತೂರಿಸಿತು. ಅದರ ಮೆತ್ತನೆಯ, ಸುರುಳಿ ತಿರುಗಿದ ಹೊಟ್ಟೆ ಕಂಡಿದ್ದು ಒಂದು ಕ್ಷಣ. ಫೋಟೋ? ಇಲ್ಲ. ಬಾಯಿ ಬಿಟ್ಟು ನೋಡುತ್ತಿದ್ದೆ.

ಒಂದು ತಪ್ಪೊಪ್ಪಿಗೆ. ಮೂರನೇ ಸಲ ಇಲ್ಲೇ ಒಂದು ಕಲ್ಲು ಮಗುಚಿ ಹಾಗೇ ಬಿಟ್ಟು ಹೋಗಿದ್ದೆ. ಅಡಿಯಲ್ಲಿ ಕಿತ್ತಳೆ ಬಣ್ಣದ ಸ್ಪಂಜು ಅಂಟಿತ್ತು. ಮುಂದಿನ ಸಲ ಬಂದಾಗ ಅದು ಬಿಳುಚಿ, ಒಣಗಿ ಪುಡಿಯಾಗುತ್ತಿತ್ತು. ನೆರಳಲ್ಲಿ ಬದುಕುವುದನ್ನು ಬಿಸಿಲಿಗೆ ಹಾಕಿದ್ದು ನಾನೇ. ಈಗ ಕಲ್ಲು ಎತ್ತಿದರೆ ಇದ್ದ ಹಾಗೇ ಇಡುತ್ತೇನೆ. ಹೊಂಡದ ಅಂಚಲ್ಲಿ ಹಸಿರು ದಿಂಬಿನ ಹಾಗೆ ಹರಡಿರುವ, ಹವಳದ ನೆಂಟರಾದ ಜೊಯಾಂತಿಡ್‌ ಎಂಬ ಜೀವಿಗಳನ್ನಂತೂ ಮುಟ್ಟುವುದೇ ಇಲ್ಲ. ಕೆಲವು ಜಾತಿಗಳಲ್ಲಿ ಭಾರೀ ವಿಷ ಇರುತ್ತದೆ.

ಪಕ್ಕದ ಬಂಡೆಯಲ್ಲಿ ಪಚ್ಚಿಲೆ (ಬಂಡೆಗೆ ಅಂಟುವ ಚಿಪ್ಪುಜೀವಿ) ಕೆರೆಯುತ್ತಿದ್ದ ಅಜ್ಜ ತುಂಬಾ ಹೊತ್ತು ನನ್ನನ್ನೇ ನೋಡಿದರು. "ಎಂತ ಹುಡುಕುವುದು ಮಾರಾಯ್ರೆ? ಉಂಗುರ ಬಿತ್ತಾ?"

ವಿಷಯ ಹೇಳಿದೆ. ಬಗ್ಗಿ ಹೊಂಡ ನೋಡಿದರು. "ಇದು ಹಗಲಲ್ಲಿ ನೋಡುವುದಲ್ಲ. ಕತ್ತಲೆಗೆ ಬನ್ನಿ, ಎಲ್ಲ ಹೊರಗೆ ಬರ್ತದೆ."

ಹಾಗಾಗಿ ಮುಂದಿನ ಹುಣ್ಣಿಮೆಗೆ ಸಂಜೆಯ ಇಳಿತ. ತಲೆಗೆ ಕಟ್ಟುವ ಟಾರ್ಚ್ ತರಿಸಿದ್ದೇನೆ. ಪಾಚಿಯ ಮೇಲೆ ಎರಡು ಸಲ ಜಾರಿದ ಚಪ್ಪಲಿ ಮಾತ್ರ ಇನ್ನು ಮನೆಯಲ್ಲೇ.