ಗೇಜ್‌ನಲ್ಲಿ 7 ಬಾರ್, ಹಾರ್ನ್‌ನಲ್ಲಿ ಬರೀ ಬುಸ್

ನಾನು ಅದಿರು ಸಾಗಿಸುವ ಬಾರ್ಜ್‌ನ ಇಂಜಿನ್ ಡ್ರೈವರ್. ಹಾರ್ನ್‌ಗೆ ಡಯಾಫ್ರಾಮ್ (ಒಳಗಿನ ತೆಳು ತಟ್ಟೆ) ಬೇಕು ಅಂತ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಕಳಿಸಿದಾಗಲೆಲ್ಲ ಆಫೀಸಿನಿಂದ ಒಂದೇ ಉತ್ತರ: ‘ಸೌಂಡ್ ಬರ್ತಿದೆಯಲ್ಲ, ಮುಂದಿನ ಡ್ರೈಡಾಕ್ ರಿಪೇರಿಯಲ್ಲಿ ನೋಡೋಣ.’ ಈ ಜನವರಿಯಲ್ಲಿ ಗೋವಾದ ಜುವಾರಿ ನದಿ ಮಧ್ಯದಲ್ಲಿ ಆ ಸೌಂಡ್ ಬರಲಿಲ್ಲ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಫುಲ್ ಲೋಡ್ ಅದಿರು ತುಂಬಿಕೊಂಡು ಮರ್ಮಗೋವಾ ಬಂದರಿನ ಕಡೆ ಇಳಿಯುತ್ತಿದ್ದೆವು. ಸೇತುವೆ ಇನ್ನೂ ದೂರ ಇತ್ತು, ಅಷ್ಟರಲ್ಲಿ ಮಂಜು ಮುಚ್ಚಿತು. ಹಡಗು ನಡೆಸುವ ಕೋಣೆ ವ್ಹೀಲ್‌ಹೌಸ್‌ನಿಂದ ಬಾರ್ಜ್‌ನ ಮೂತಿಯೇ ನಮಗೆ ಕಾಣದು. ಮಂಜಿನಲ್ಲಿ ಓಡುವ ಹಡಗು 2 ನಿಮಿಷಕ್ಕೆ ಒಮ್ಮೆಯಾದರೂ ಉದ್ದ ಹಾರ್ನ್ ಹೊಡೆಯಲೇಬೇಕು, 4ರಿಂದ 6 ಸೆಕೆಂಡ್. ನಮ್ಮ ಮಾಸ್ಟರ್, ಅಂದರೆ ಬಾರ್ಜ್‌ನ ಕ್ಯಾಪ್ಟನ್, ಅಂಕೋಲೆಯವರು, ಇಂಥದ್ದರಲ್ಲಿ ಬಹಳ ಕಟ್ಟುನಿಟ್ಟು. ಬಟನ್ ಒತ್ತಿದರು. ಬುಸ್ ಅಂತ ಗಾಳಿ ಬಂತು, ಹಿಂದೆಯೇ ಸ್ವಲ್ಪ ಗೊರಗೊರ, ಅಷ್ಟೇ.

‘ಡ್ರೈವರ್ರೇ, ಗಾಳಿ ಇಲ್ವಾ?’

ಒತ್ತಿದ ಗಾಳಿ ತುಂಬಿಡುವ ಬಾಟಲಿಯ ಒತ್ತಡದ ಗೇಜ್ ನೋಡಿದೆ, 7 ಬಾರ್. ಕಂಪ್ರೆಸರ್ ಸರಿಯಾಗೇ ಓಡುತ್ತಿದೆ. ‘ಫುಲ್ ಇದೆ ಸಾರ್’ ಅಂದೆ. ಅಂದರೂ ಹಾರ್ನ್ ಕೂಗಲಿಲ್ಲ. ಸ್ಪ್ಯಾನರ್ ಹಿಡಿದು ಮೇಲೆ ಓಡಿದೆ. ಮಾಸ್ಟರ್ ಇಂಜಿನ್ ಆಸ್ಟರ್ನ್‌ಗೆ, ಅಂದರೆ ಹಿಮ್ಮುಖಕ್ಕೆ, ಹಾಕಿದ್ದರು, ಆದರೆ ಲೋಡ್ ಆದ ಬಾರ್ಜ್ ಅಂದ ತಕ್ಷಣ ನಿಲ್ಲುತ್ತದಾ? ಮೂತಿಯಲ್ಲಿ ಖಲಾಸಿ ಹುಡುಗ ಗಂಟೆ ಬಡಿಯುತ್ತಲೇ ಇದ್ದ. ಆಗ ಎಡಗಡೆ, ತೀರಾ ಹತ್ತಿರದಲ್ಲೇ, ಕೊಂಕಣಿಯಲ್ಲಿ ಯಾರೋ ಕಿರುಚಿದರು. ಬಲೆ ಎಳೆಯುತ್ತಿದ್ದ ಪುಟ್ಟ ದೋಣಿ, ಅದರಲ್ಲಿ ಇಬ್ಬರು. ಒಬ್ಬ ಎದ್ದು ನಿಂತು ಹುಟ್ಟನ್ನು ನಮ್ಮ ಬಾರ್ಜ್‌ನ ತಗಡಿಗೇ ಊರಿ ದೋಣಿಯನ್ನು ಆಚೆ ತಳ್ಳಿಕೊಂಡ. ಹುಟ್ಟು ತಗಡಿಗೆ ಉಜ್ಜುತ್ತಾ ಹಿಂದಕ್ಕೆ ಹೋಗಿದ್ದನ್ನು ನಾನು ವ್ಹೀಲ್‌ಹೌಸ್ ಮೇಲಿಂದ ನೋಡಿದೆ. ಐದು ಚಿಕ್ಕ ಹಾರ್ನ್ ಅಂದರೆ ಅಪಾಯ ಅಂತ ಈ ನದಿಯಲ್ಲಿ ಎಲ್ಲರಿಗೂ ಗೊತ್ತು. ಹೊಡೆಯೋಕೆ ಹಾರ್ನ್ ಬೇಕಲ್ವಾ?

ಆಂಕರ್ ಹಾಕಿ ಹಾರ್ನಿನ ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗಿನಿಂದ ನೀರು ಸುರಿಯಿತು.

ಏರ್ ಹಾರ್ನ್ ಕೆಲಸ ಬಹಳ ಸರಳ. ಒಳಗೊಂದು ತೆಳು ಸ್ಟೀಲ್ ತಟ್ಟೆ, ಅದೇ ಡಯಾಫ್ರಾಮ್, ಕಹಳೆಯ ಬಾಯಿಗೆ ಒತ್ತಿ ಕೂತಿರುತ್ತದೆ. ಗಾಳಿ ಒತ್ತಡ ಏರಿದಾಗ ತಟ್ಟೆ ಏಳುತ್ತದೆ, ಗಾಳಿ ಕಹಳೆಗೆ ನುಗ್ಗುತ್ತದೆ, ಒತ್ತಡ ಇಳಿದು ತಟ್ಟೆ ಮತ್ತೆ ಕೂರುತ್ತದೆ. ಕುಕ್ಕರ್ ವೆಯಿಟ್ ಎದ್ದು ಕೂತ ಹಾಗೆ, ಆದರೆ ಸೆಕೆಂಡಿಗೆ ನೂರಾರು ಸಲ. ಕಹಳೆ ಉದ್ದ ಇದ್ದಷ್ಟೂ ದನಿ ದಪ್ಪ. ತಟ್ಟೆ ಸರಿಯಾಗಿ ಕೂರದಿದ್ದರೆ ಗಾಳಿ ಸುಮ್ನೆ ಸೋರಿ ಹೋಗುತ್ತದೆ, ಬಾಟಲಿಯಲ್ಲಿ ಎಷ್ಟು ಬಾರ್ ಇದ್ದರೂ ದನಿ ಏಳಲ್ಲ. ನಮ್ಮದರಲ್ಲಿ ಕೂರುವ ಜಾಗದ ಸುತ್ತ ಬಿಳಿ ಉಪ್ಪು, ತುಕ್ಕಿನ ಚೂರು.

ನೀರು ಎಲ್ಲಿಂದ? ಒತ್ತಿದ ಗಾಳಿ ತಣ್ಣಗಾದಾಗ ಅದರಲ್ಲಿರುವ ತೇವ ನೀರಾಗುತ್ತದೆ. ಬಾಟಲಿಯ ಡ್ರೇನ್ (ನೀರು ಹೊರಬಿಡುವ ದಾರಿ) ನಾವು ದಿನಾ ಬಿಡುತ್ತಿದ್ದೆವು. ಆದರೆ ಹಡಗಿನ ಯಾರ್ಡಿನವರು ಹಾರ್ನ್ ಪೈಪನ್ನು ವ್ಹೀಲ್‌ಹೌಸ್ ಹಿಂದೆ ಜೋತು ಬೀಳುವ ಹಾಗೆ ಎಳೆದಿದ್ದರು, ಆ ತಗ್ಗಿಗೆ ಡ್ರೇನೇ ಇರಲಿಲ್ಲ. ನೀರು ಅಲ್ಲೇ ನಿಂತು, ಬಟನ್ ಒತ್ತಿದಾಗ ನೇರ ಹಾರ್ನಿಗೆ.

ನಮ್ಮ ಅಳತೆಯ, 20 ಮೀಟರ್‌ನಿಂದ 75 ಮೀಟರ್ ಒಳಗಿನ ಹಡಗಿನ ಹಾರ್ನ್ ಒಂದು ನಾಟಿಕಲ್ ಮೈಲಿ ದೂರ ಕೇಳಬೇಕು ಅಂತ ನಿಯಮ. ಇತ್ತ ರಸ್ತೆಯಲ್ಲಿ, ಬೇಡ ಅಂದರೂ ಲಾರಿಗಳಲ್ಲಿ ರಾಗ ಹಾಡುವ ಪ್ರೆಷರ್ ಹಾರ್ನ್. 1989ರ ಮೋಟಾರು ವಾಹನ ನಿಯಮದಲ್ಲಿ ಅದಕ್ಕೆ ನಿಷೇಧವೇ ಇದೆ. ಜೀವ ಉಳಿಸುವ ಕಡೆ ಮಾತ್ರ ಒಂದು ತಟ್ಟೆಗೆ ದುಡ್ಡಿಲ್ಲ ಅಂತಾರೆ, ಇದು ನ್ಯಾಯವಾ?

ಈಗ ಪೈಪಿನ ಆ ತಗ್ಗಿಗೆ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಡ್ರೇನ್ ಕಾಕ್, ಅಂದರೆ ನೀರು ಬಿಡುವ ನಲ್ಲಿ, ಕೂರಿಸಿದ್ದೇವೆ. ಹೊರಡುವ ಮೊದಲು ಅದರಿಂದ ನೀರು ಬಿಟ್ಟು, ಆಮೇಲೆ ಹಾರ್ನ್ ಪೂರ್ತಿ 6 ಸೆಕೆಂಡ್ ಹೊಡೆದು ನೋಡುತ್ತೇವೆ, ಸುಮ್ನೆ ಒಂದು ಪೀಂ ಅಲ್ಲ. ಗೊರಗೊರ ಅಂದರೆ ನೀರು. ಬರೀ ಬುಸ್ ಅಂದರೆ ಡಯಾಫ್ರಾಮ್. ಜೋರಾಗಿ ಶುರುವಾಗಿ ಸೊರಗಿದರೆ ಗಾಳಿ ಸಾಲುತ್ತಿಲ್ಲ, ಪೈಪ್ ಕಟ್ಟಿದೆಯಾ, ವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ.