ಕಕ್ಕಡ 18ರ ರಾತ್ರಿ ಪಾಳಿ

2025 ಆಗಸ್ಟ್ 4, ಸೋಮವಾರ, ಮಡಿಕೇರಿ

ಈಗಷ್ಟೇ ಮನೆಗೆ ಬಂದೆ. ಜಗಲಿಯಲ್ಲಿಟ್ಟ ಕೊಡೆಯಿಂದ ಇನ್ನೂ ನೀರು ಸೋರುತ್ತಿದೆ. ಮಲಗುವ ಮೊದಲೇ ಬರೆದುಬಿಡುತ್ತೇನೆ, ಎದ್ದ ಮೇಲೆ ಅರ್ಧ ಮರೆತಿರುತ್ತೇನೆ.

ನಿನ್ನೆ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪು ತಿನ್ನುವ ದಿನ. ನಮ್ಮ ಮಾನಸಿಕ ವಾರ್ಡಿನಲ್ಲಿ ಕಿಟಕಿ ಪಕ್ಕದ ಬೆಡ್‌ನವರಿಗೆ ಅವರ ಅಮ್ಮ ಮದ್ದು ಸೊಪ್ಪಿನ ಪಾಯಸ ತಂದಿದ್ದರು. ರಾತ್ರಿ ಒಂದೂವರೆಗೆ ರಾಯಚೂರು ಕಡೆಯ ಹೊಸ ಸಿಸ್ಟರ್ ಓಡಿ ಬಂದಳು. "ಅಕ್ಕಾ, ಅವರ ಯೂರಿನ್ ಕೆಂಪಗಿದೆ!" ಲ್ಯಾಬಿನ ಬಾಟಲಿ ಆಗಲೇ ಕೈಯಲ್ಲಿತ್ತು. ನನಗೆ ನಗು ತಡೆಯಲಾಗಲಿಲ್ಲ. ಇವತ್ತು ಕೊಡಗಿನಲ್ಲಿ ಪಾಯಸ ತಿಂದವರದ್ದೆಲ್ಲ ಹಾಗೇ ಮಾರಾಯ್ತಿ! ಆದರೂ ಡ್ಯೂಟಿ ಡಾಕ್ಟರಿಗೆ ಹೇಳಿದೆ. ಸೊಪ್ಪಿನದೇ ಬಣ್ಣ ಅಂತ ನಾವೇ ತೀರ್ಮಾನಿಸಿ ಕೂರಬಾರದು.

ಅಷ್ಟು ಹೊತ್ತಿಗೆ ಅವರು ಮೂತ್ರಕ್ಕೆ ಮೂರು ಸಲ ಎದ್ದಾಗಿತ್ತು. ಅದು ಪಾಯಸದ್ದಲ್ಲ, ಬೈಪೋಲಾರ್‌ಗೆ, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಗ್ಗುವ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆಯದ್ದು. ಬಾಯಾರಿಕೆ ಜಾಸ್ತಿ, ಮೂತ್ರವೂ ಜಾಸ್ತಿ. "ರಾತ್ರಿ ನೀರೇ ಕೊಡಬೇಡಿ" ಅಂತ ಮನೆಯವರು ಹೇಳುವುದುಂಟು. ಆದರೆ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ, ಅದು ಅಪಾಯ. ಹಗಲು ಚೆನ್ನಾಗಿ ಕುಡಿಯಲಿ, ಮಲಗುವ ಮುಂಚೆ ಗಟಗಟ ಬೇಡ, ಆದರೆ ಬಾಯಾರಿದರೆ ಕುಡಿಯಲೇಬೇಕು ಅಂತ ಹೇಳಿದ್ದೇನೆ. ಎಷ್ಟು ಸಲ ಎದ್ದರು ಅಂತ ಬರೆದಿಟ್ಟರೆ ಡಾಕ್ಟರಿಗೂ ಡೋಸ್ ಮತ್ತು ಹೊತ್ತು ಯೋಚಿಸಲು ಅನುಕೂಲ.

ಬಂದ ದಿನ ಇವರ ನಿದ್ದೆ ಎರಡೇ ಗಂಟೆ. ಆದರೂ ಸುಸ್ತಿಲ್ಲ! ನಿದ್ದೆ ಬಾರದೆ ಒದ್ದಾಡುವವರು ಬೆಳಿಗ್ಗೆ ಬಾಡಿರುತ್ತಾರೆ. ಬೈಪೋಲಾರ್‌ನಲ್ಲಿ ಉನ್ಮಾದ ಏರುವಾಗ ನಿದ್ದೆ ಬೇಕು ಅಂತಲೇ ಅನಿಸುವುದಿಲ್ಲ. ರಾತ್ರಿ ಎರಡಕ್ಕೆ ಆಳುಗಳಿಗೆಲ್ಲ ಫೋನ್ ಮಾಡಿ ನಾಟಿಗೆ ಬನ್ನಿ ಅಂದಿದ್ದರಂತೆ. "ಈ ವರ್ಷ ಮಗ ಚುರುಕಾಗಿದ್ದಾನೆ ಅಂತ ಖುಷಿಪಟ್ಟೆ ಸಿಸ್ಟರೇ" ಅಂದರು ಅಮ್ಮ. ಯಾವ ಅಮ್ಮನಿಗೂ ಹಾಗೇ ಅನಿಸುತ್ತದೆ, ಅಲ್ವಾ?

"ಮಲಗಿ, ಮಲಗಿ" ಅಂತ ಗದರಿದರೆ ಜಗಳವೇ. ಎಂಟಕ್ಕೆ ಮೊಬೈಲ್ ಅಮ್ಮನ ಕೈಗೆ, ಒಂಬತ್ತಕ್ಕೆ ದೊಡ್ಡ ಲೈಟ್ ಬಂದ್, ಮಾತು ಚಿಕ್ಕದು. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ. ಕಾಫಿ ತೋಟದವರಿಗೆ ಅದನ್ನು ಹೇಳುವುದು ನಮ್ಮ ಕೆಲಸದಲ್ಲೇ ಕಷ್ಟದ್ದು. ರೌಂಡ್ಸ್‌ನಲ್ಲಿ ಟಾರ್ಚ್ ನೆಲಕ್ಕೆ ಹಿಡಿದು ಉಸಿರು ನೋಡುತ್ತೇನೆ. ಕಣ್ಣು ಮುಚ್ಚಿದ್ದೆಲ್ಲ ನಿದ್ದೆಯಲ್ಲ, ಚಾರ್ಟಿನಲ್ಲಿ ಸುಮ್ನೆ ಟಿಕ್ ಹಾಕುವ ಹಾಗಿಲ್ಲ.

ಎಬ್ಬಿಸುವವರೂ ನಾವೇ ಅನ್ನುವುದು ಬೇರೆ ಮಾತು. ಬೆಳಗಿನ ಐದಕ್ಕೆ ಟ್ಯೂಬ್‌ಲೈಟ್ ಹಾಕಿ ಎಲ್ಲರ ಟೆಂಪರೇಚರ್ ನೋಡುವ ಪದ್ಧತಿ ನನಗೆ ಅರ್ಥವೇ ಆಗಿಲ್ಲ. ಇವತ್ತು ಕಿಟಕಿ ಪಕ್ಕದವರನ್ನು ಕೊನೆಗೆ ಬಿಟ್ಟೆ. ಆರೂವರೆಯವರೆಗೆ ಮಲಗಿದರು. ಒಟ್ಟು ಐದೂವರೆ ಗಂಟೆ.

ಮನೆಗೆ ಹೋದ ಮೇಲೂ ನಿದ್ದೆ ಬರೆದಿಡಿ, ಎರಡು ರಾತ್ರಿ ಕಡಿಮೆಯಾಗಿ ಹುರುಪು ಏರಿದರೆ ಕಾಯದೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಯಾವ ಹೊತ್ತಿಗೂ ಸಿಗುತ್ತದೆ ಅಂತ ಅಮ್ಮನಿಗೆ ಹೇಳಿದೆ. ಅವರು ಚೀಲದಿಂದ ಆಳುಗಳ ಲೆಕ್ಕದ ಪುಸ್ತಕ ತೆಗೆದರು. ಕೆಲಸದವರ ಹೆಸರುಗಳ ಕೆಳಗೆ ಮಗನ ಹೆಸರು ಬರೆದು, ನಿನ್ನೆಯ ತಾರೀಕಿನ ಮನೆಯಲ್ಲಿ 5½ ಅಂತ ತುಂಬಿದರು.